ಎಮ್ಮೆಯ ಬಾಲ ಮತ್ತು ನೀರೊಳಗಿನ ಸ್ಕೂಟರು

ಎಪ್ಪತ್ತು ದಾಟಿದ ನನ್ನ ಆಯಸ್ಸಿನಲ್ಲಿ ನಾನು ಕೊಂಡದ್ದು ಒಂದೇ ಸ್ಕೂಟರು, ಬಜಾಜ್ ಚೇತಕ್. ಮುಂಗಡ ಕಟ್ಟಿ ವರ್ಷಗಟ್ಟಲೆ ಕಾದು, ಕೊನೆಗೆ ಸರದಿ ಬಂದಾಗ ಅವರು ಕೊಟ್ಟ ಬಣ್ಣದ್ದನ್ನೇ ಕಣ್ಣಿಗೊತ್ತಿಕೊಂಡು ಮನೆಗೆ ತಂದವನು ನಾನು. ಆ ಕಾಲದಲ್ಲಿ ಸ್ಕೂಟರನ್ನು ನಾವು ಆರಿಸುತ್ತಿರಲಿಲ್ಲ, ಸ್ಕೂಟರೇ ನಮ್ಮನ್ನು ಆರಿಸುತ್ತಿತ್ತು. ಅಂಥ ನನಗೆ ಹೋದ ವರ್ಷ ಒಂದು ರಾತ್ರಿ ಫ್ಲೋರಿಡಾದಿಂದ ಮೊಮ್ಮಗನ ಫೋನು ಬಂತು.

"ತಾತ, ಒಂದು ಸ್ಕೂಟರ್ ತಗೋಬೇಕು. ಮೂರು ನೋಡಿಟ್ಟಿದ್ದೀನಿ. ಬ್ಯಾಂಕಲ್ಲಿ ಕೊಟೇಶನ್ ಬಂದಾಗ ಟೇಬಲ್ ಹಾಕ್ತಿದ್ದೆ ಅಂತ ಹೇಳ್ತಿದ್ದೆಯಲ್ಲ, ಅಂಥದ್ದೊಂದು ಹಾಕಿಕೊಡು."

ಪಕ್ಕದಲ್ಲಿ ಹುರುಳಿಕಾಯಿ ಸೋಸುತ್ತಿದ್ದ ನನ್ನಾಕೆ, "ಹೆಲ್ಮೆಟ್ ಹಾಕ್ಕೊಂಡು ಓಡಿಸು ಅಂತ ಹೇಳಿ" ಎಂದಳು.

"ಅಜ್ಜಿ, ಇದು ರಸ್ತೆ ಮೇಲೆ ಓಡಿಸೋದಲ್ಲ. ನೀರೊಳಗೆ ಓಡಿಸೋದು."

"ನೀರೊಳಗೆ ಎಲ್ಲಿಗೆ ಹೋಗ್ಬೇಕಂತೆ?"

"ಗುಹೆಗೆ" ಎಂದ. ಹುರುಳಿಕಾಯಿ ಸೋಸುವುದು ನಿಂತಿತು.

ಮರುದಿನ ಬೆಳಗ್ಗೆ ಬೆಂಗಳೂರಿನಿಂದ ಮಗಳ ಫೋನು. "ಅಪ್ಪಾ, ಅವನು ನಿಮ್ಮನ್ನ ಏನೋ ಕೇಳಿದನಂತಲ್ಲ. ಬೇಡ ಅಂತ ಹೇಳಿಬಿಡಿ. ನನ್ನ ಮಾತು ಕೇಳಲ್ಲ, ನಿಮ್ಮ ಮಾತು ಕೇಳ್ತಾನೆ. ನನಗೆ ರಾತ್ರಿಯೆಲ್ಲ ನಿದ್ದೆ ಇಲ್ಲ." ಅವಳ ದನಿ ಕೇಳಿದ ಮೇಲೆ ನಾನು ಬೇರೇನು ಹೇಳಲಿ? "ಆಗಲಮ್ಮ, ನಾನು ನೋಡ್ಕೋತೀನಿ" ಎಂದು ಮಾತು ಕೊಟ್ಟೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಾನು ಕಲಿತ ವಿದ್ಯೆ ಒಂದಿದೆ. ಯಾರ ಅರ್ಜಿಯನ್ನಾದರೂ ತಡೆಯಬೇಕಾದರೆ 'ಇಲ್ಲ' ಎನ್ನಬಾರದು. 'ಇನ್ನೊಂದು ವಿವರ ಬೇಕು' ಎನ್ನಬೇಕು. ನಾಲ್ಕು ಸಲ ಹಾಗೆಂದರೆ ಅರ್ಜಿದಾರನೇ ಸುಸ್ತಾಗಿ ಬಿಟ್ಟುಬಿಡುತ್ತಾನೆ. ಮೊಮ್ಮಗನ ಮೇಲೂ ಅದನ್ನೇ ಪ್ರಯೋಗಿಸೋಣವೆಂದು ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಮಾಸ್ತಿಯ ನಮ್ಮ ಮನೆಯ ಜಗಲಿಯ ಮೇಲೆ ಕೂತೆ. ಆದರೆ ಹುಡುಗ ನನಗಿಂತ ಗಟ್ಟಿ. ನಾನು ಒಂದು ವಿವರ ಕೇಳಿದರೆ ಅವನು ಮೂರು ಕಳಿಸಿದ. ಸುಸ್ತಾಗುವ ಬದಲು ನನಗೇ ರುಚಿ ಹತ್ತಿತು.

ಮೊದಲು ಈ ಸ್ಕೂಟರು ಹೇಗಿರುತ್ತದೆಂದು ಹೇಳಿಬಿಡುತ್ತೇನೆ. ನಮ್ಮ ಡೇರಿಗೆ ಹಾಲು ಹೊತ್ತು ತರುವ ಕ್ಯಾನು ಇದೆಯಲ್ಲ, ಅದನ್ನು ಅಡ್ಡ ಮಲಗಿಸಿ ಸ್ವಲ್ಪ ಎಳೆದು ಉದ್ದ ಮಾಡಿದ ಹಾಗೆ. ಮುಂದಿನ ಭಾಗದಲ್ಲಿ ಬ್ಯಾಟರಿ, ಹಿಂದೆ ಮೋಟಾರು, ಅದಕ್ಕೊಂದು ಫ್ಯಾನು, ಫ್ಯಾನಿನ ಸುತ್ತ ಬಳೆಯಂಥ ಕವಚ. ಹಿಡಿಯಲು ಹಿಡಿಕೆ, ಒತ್ತಲು ಗುಂಡಿ. ಇದರ ಮೇಲೆ ಕೂರುವುದಿಲ್ಲ. ಮುಳುಗುಗಾರನ ಸೊಂಟದ ಪಟ್ಟಿಯಿಂದ ಕೆಳಗೆ ಒಂದು ಬಳೆ ಇರುತ್ತದೆ. ಸ್ಕೂಟರಿನಿಂದ ಬಂದ ಹಗ್ಗವನ್ನು ಅದಕ್ಕೆ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ದಿಕ್ಕು ತೋರಿಸುತ್ತಾ ಅದರ ಹಿಂದೆ ಎಳೆಸಿಕೊಂಡು ಹೋಗುವುದು. ಭಾರವೆಲ್ಲ ಹಗ್ಗದ ಮೇಲೆ ಇರುವುದರಿಂದ ಕೈ ಸೋಲುವುದಿಲ್ಲ.

ಇದನ್ನು ಕೇಳಿದಾಗ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. "ಯಾಕೆ ತಾತ?" ಎಂದ. "ಏನಿಲ್ಲಪ್ಪ, ಇಂಥದ್ದನ್ನ ನಾನೂ ಓಡಿಸಿದ್ದೆ. ನಮ್ಮದಕ್ಕೆ ನಾಲ್ಕು ಕಾಲು, ಎರಡು ಕೊಂಬು ಇತ್ತು" ಎಂದೆ.

ನಮ್ಮದು ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ. ಇವತ್ತು ಸಾವಿರ ಅಡಿ ಕೊರೆದರೂ ಬೋರ್‌ವೆಲ್ಲಿನಲ್ಲಿ ಧೂಳು ಬರುವುದುಂಟು. ಆದರೆ ನಾನು ಹುಡುಗನಾಗಿದ್ದಾಗ ಮಳೆ ಚೆನ್ನಾಗಿ ಆದ ವರ್ಷ ಕೆರೆ ಕೋಡಿ ಹರಿಯುತ್ತಿತ್ತು. ಬೆನ್ನಿಗೆ ಕತ್ತಾಳೆ ಬೆಂಡೋ ಒಣಗಿದ ಸೋರೆಬುರುಡೆಯೋ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿಯುತ್ತಿದ್ದೆವು. ಈಜು ಅರ್ಧಂಬರ್ಧ ಬಂದ ಮೇಲೆ ಎಮ್ಮೆಯ ಬಾಲ. ಕೆರೆಗೆ ಇಳಿದ ಎಮ್ಮೆಯ ಬಾಲ ಹಿಡಿದುಕೊಂಡರೆ ಸಾಕು, ಆಚೆ ದಡಕ್ಕೆ ಎಳೆದುಕೊಂಡು ಹೋಗಿ ಬಿಡುತ್ತಿತ್ತು. ನಮ್ಮ ಮನೆಯದು ಹರೆಯದ ಎಮ್ಮೆ, ನೀರಿಗೆ ಬಿದ್ದರೆ ದೋಣಿ. ಪಕ್ಕದ ಬೀದಿಯ ನನ್ನ ಗೆಳೆಯನದು ಮುದಿ ಎಮ್ಮೆ. ನಾನು ಮುಂದೆ, ಅವನು ಯಾವಾಗಲೂ ಹಿಂದೆ. ಅದರ ಜಂಬ ನನಗೆ ಬಹಳ ಇತ್ತು. ಈ ಕಥೆಯ ಉಳಿದರ್ಧವನ್ನು ಆಮೇಲೆ ಹೇಳುತ್ತೇನೆ.

ನಾನು ಕೇಳಿದ ಮೊದಲ ವಿವರ, "ಗುಹೆಯೊಳಗೆ ನೀರು ಯಾಕೆ ಬಂತು?" ಎಂದು. ನಮ್ಮ ಕೋಲಾರದ ಕಡೆಯದೆಲ್ಲ ಗಟ್ಟಿ ಕಲ್ಲು, ಇದರಲ್ಲಿ ನೀರು ದಾರಿ ಕೊರೆಯಲಾರದು. ಸುಣ್ಣಕಲ್ಲಾದರೆ ಮಳೆನೀರಿಗೆ ಕರಗುತ್ತದೆ. ಆಂಧ್ರದ ಬೇಲಂ ಗುಹೆ ನೋಡಿದವರಿಗೆ ಇದು ತಿಳಿದಿರುತ್ತದೆ. ಎಲ್.ಟಿ.ಸಿ. ಸಿಕ್ಕಿದ್ದ ಒಂದು ವರ್ಷ ಮನೆಮಂದಿಯೆಲ್ಲ ಅಲ್ಲಿಗೆ ಹೋಗಿದ್ದೆವು. ಅಳೆದಿರುವಷ್ಟು ಭಾಗವೇ 3,229 ಮೀಟರು ಉದ್ದ. ಹಿಂದೆ ನೆಲದಡಿಯಲ್ಲಿ ಹರಿದ ನೀರೇ ಆ ಓಣಿಗಳನ್ನೆಲ್ಲ ಕೊರೆದದ್ದು. ಈಗ ನೀರು ಇಳಿದುಹೋಗಿರುವುದರಿಂದ ನಾವು ಚಪ್ಪಲಿ ಹಾಕಿಕೊಂಡು ನಡೆದಾಡುತ್ತೇವೆ. ಕೊನೆಯ ಆಳದಲ್ಲಿ ಪಾತಾಳಗಂಗೆ ಎಂಬ ಒಂದು ಸಣ್ಣ ಹರಿವು ಬಂಡೆಯೊಳಗೆ ಮಾಯವಾಗುವುದನ್ನು ತೋರಿಸುತ್ತಾರೆ. ಫ್ಲೋರಿಡಾದ ಉತ್ತರ ಭಾಗದಲ್ಲಿರುವುದೂ ಸುಣ್ಣಕಲ್ಲೇ. ಆದರೆ ಅಲ್ಲಿ ನೀರು ಇಳಿದಿಲ್ಲ. ಗುಹೆಗಳು ಛಾವಣಿಯವರೆಗೆ ತುಂಬಿಕೊಂಡು, ಬಾಯಿಯಲ್ಲಿ ತಿಳಿನೀರಿನ ಬುಗ್ಗೆಯಾಗಿ ಉಕ್ಕುತ್ತವೆ. ಮೊಮ್ಮಗ ಕೆಲಸ ಮಾಡುವ ಗೇನ್ಸ್‌ವಿಲ್ ಊರಿನಿಂದ ಸ್ವಲ್ಪ ದೂರದಲ್ಲೇ ಜಿನ್ನಿ ಸ್ಪ್ರಿಂಗ್ಸ್ ಎಂಬ ಅಂಥದ್ದೊಂದು ಜಾಗವಿದೆ.

ಬೇಲಂ ಗುಹೆಯಲ್ಲಿ ದೀಪ ಹೋದರೆ ಗತಿಯೇನು ಎಂದು ನನ್ನಾಕೆ ನನ್ನ ತೋಳು ಹಿಡಿದುಕೊಂಡದ್ದು ನೆನಪಾಯಿತು. ಅದೇ ಗುಹೆ, ತಲೆಯ ಮೇಲಿನವರೆಗೆ ನೀರು, ಬೆನ್ನ ಮೇಲೆ ಎಣಿಸಿಟ್ಟ ಗಾಳಿ. ಸಮುದ್ರದಲ್ಲಿ ಮುಳುಗಿದವನಿಗೆ ತೊಂದರೆಯಾದರೆ ಮೇಲೆ ಆಕಾಶವಾದರೂ ಇರುತ್ತದೆ. ಮುರ್ಡೇಶ್ವರದ ಹತ್ತಿರ ನೇತ್ರಾಣಿ ದ್ವೀಪದಲ್ಲಿ ನಮ್ಮವರೇ ಮುಳುಗಿ ಮೀನು ನೋಡಿ ಬರುತ್ತಾರೆ. ಗುಹೆಯಲ್ಲಿ ಮೇಲಕ್ಕೆ ಹೋದರೆ ಕಲ್ಲು ಸಿಗುತ್ತದೆ. ಹೋದ ದಾರಿಯಲ್ಲೇ ವಾಪಸ್ ಬರಬೇಕು. ಫ್ಲೋರಿಡಾದ ಅನೇಕ ಗುಹೆಗಳ ಬಾಯಲ್ಲಿ ಕುಡುಗೋಲು ಹಿಡಿದ ಮೃತ್ಯುವಿನ ಚಿತ್ರವಿರುವ ಫಲಕ ನಿಲ್ಲಿಸಿದ್ದಾರೆ, ತರಬೇತಿ ಇಲ್ಲದವರು ಮುಂದೆ ಹೋಗಬೇಡಿ ಎಂದು. ಹುಡುಗ ಅದರ ಚಿತ್ರವನ್ನೂ ಕಳಿಸಿದ. ಅದನ್ನು ನಾನು ಮಗಳಿಗೆ ತೋರಿಸಲಿಲ್ಲ.

ಈ ಗುಹೆಗಳು ಬಹಳ ಜನರನ್ನು ನುಂಗಿವೆ. ಷೆಕ್ ಎಕ್ಸ್‌ಲಿ ಎಂಬ ಗಣಿತದ ಮೇಷ್ಟರು ಫ್ಲೋರಿಡಾದಲ್ಲಿದ್ದರು. ಸತ್ತವರ ಅಪಘಾತಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, 1979ರಲ್ಲಿ ಒಂದು ಪುಸ್ತಕ ಮಾಡಿದರು. ಮುಖ್ಯ ಕಾರಣಗಳು ಮೂರೇ. ಬಾಯಿಯಿಂದ ಒಳಗಿನವರೆಗೆ ಕಡಿಯದ ದಾರ ಕಟ್ಟದೆ ಹೋಗುವುದು, ವಾಪಸಿಗೆ ಸಾಕಷ್ಟು ಗಾಳಿ ಉಳಿಸಿಕೊಳ್ಳದೆ ಇರುವುದು, ಮಿತಿ ಮೀರಿದ ಆಳಕ್ಕೆ ಇಳಿಯುವುದು. ಅಷ್ಟು ತಿಳಿದ ಮೇಷ್ಟರೇ 1994ರಲ್ಲಿ ಮೆಕ್ಸಿಕೊದ ಒಂದು ಪಾತಾಳಬಾವಿಯಲ್ಲಿ ತೀರಿಕೊಂಡರು. ನೀರಿಗೆ ಯಾರ ಸರ್ವಿಸ್ ರೆಕಾರ್ಡೂ ಬೇಕಿಲ್ಲ.

2018ರ ಥಾಯ್ಲೆಂಡಿನ ಗುಹೆಯ ಸುದ್ದಿ ನಿಮಗೆಲ್ಲ ನೆನಪಿರಬೇಕು. ಫುಟ್‌ಬಾಲ್ ಆಡುವ 12 ಹುಡುಗರು ಮತ್ತು ಅವರ ಕೋಚು ಜೂನ್ 23ರಂದು ಥಾಮ್ ಲುವಾಂಗ್ ಗುಹೆಯಲ್ಲಿ ಸಿಕ್ಕಿಕೊಂಡರು. ಒಂಬತ್ತು ದಿನ ಕಳೆದ ಮೇಲೆ ಇಬ್ಬರು ಬ್ರಿಟಿಷ್ ಮುಳುಗುಗಾರರು ಅವರನ್ನು ಕಂಡರು. ಜುಲೈ 10ರ ಹೊತ್ತಿಗೆ ಹದಿಮೂರು ಜನರೂ ಹೊರಗೆ ಬಂದರು. ನಾವಿಲ್ಲಿ ಟಿ.ವಿ. ಮುಂದೆ ಕೂತು ಕಣ್ಣೊರೆಸಿಕೊಂಡೆವು. ಆದರೆ ಅದಕ್ಕೆ ನಾಲ್ಕು ದಿನ ಮೊದಲು ಸಮನ್ ಕುನಾನ್ ಎಂಬ ಥಾಯ್ ನೌಕಾಪಡೆಯ ಮಾಜಿ ಯೋಧ, ಒಳಗೆ ಗಾಳಿಯ ಸಿಲಿಂಡರುಗಳನ್ನು ಇಟ್ಟು ಹಿಂದಿರುಗುವಾಗ ಪ್ರಜ್ಞೆ ತಪ್ಪಿ ಪ್ರಾಣಬಿಟ್ಟ. ಹೋಗುವುದಕ್ಕಿಂತ ಬರುವುದೇ ಕಷ್ಟ ಎಂಬುದು ನನ್ನ ನೋಟ್‌ಬುಕ್ಕಿನ ಮೊದಲ ಸಾಲಾಯಿತು.

ಎರಡನೆಯ ಸಾಲು ಮೂರು ಪಾಲಿನ ಲೆಕ್ಕ. ಗುಹೆಗೆ ಹೋಗುವವರು ತಮ್ಮ ಗಾಳಿಯನ್ನು ಮೂರು ಪಾಲು ಮಾಡುತ್ತಾರೆ. ಒಂದು ಪಾಲು ಹೋಗುವುದಕ್ಕೆ, ಒಂದು ಬರುವುದಕ್ಕೆ, ಇನ್ನೊಂದು ಆಪತ್ತಿಗೆ. ಆ ಮೂರನೆಯ ಪಾಲು ತನ್ನದಲ್ಲ. ಜೊತೆಗಾರನ ಗಾಳಿ ಪೂರ್ತಿ ಹೋಗಿಬಿಟ್ಟರೆ ಅವನಿಗೆ ಕೊಡುವುದಕ್ಕೆ. ತಂಡದಲ್ಲಿ ಯಾರ ಮೊದಲ ಪಾಲು ಮೊದಲು ಮುಗಿಯುತ್ತದೋ ಆಗ ಎಲ್ಲರೂ ತಿರುಗಬೇಕು. ಇಷ್ಟೇ ಅಲ್ಲ, ಯಾರೇ ಆಗಲಿ ಯಾವ ಹೊತ್ತಿನಲ್ಲಾದರೂ 'ಇವತ್ತು ಸಾಕು' ಎಂದು ಸನ್ನೆ ಮಾಡಿದರೆ ಮಿಕ್ಕವರು ಮರುಮಾತಿಲ್ಲದೆ ತಿರುಗಬೇಕು. ಕಾರಣ ಕೇಳುವ ಹಾಗಿಲ್ಲ. ಬ್ಯಾಂಕಿನ ಜಂಟಿ ಖಾತೆಗಳಲ್ಲಿ 'ಐದರ್ ಆರ್ ಸರ್ವೈವರ್' ಎಂಬ ಪದ್ಧತಿಯಿದೆ, ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು ಎಂದರ್ಥ. ಗುಹೆಯಲ್ಲಿ ಆ ಖಾತೆ ನಡೆಯುವುದಿಲ್ಲ. ಎಲ್ಲರ ಸಹಿಯೂ ಬೇಕು.

ಇಷ್ಟಾದ ಮೇಲೆ ಸ್ಕೂಟರಿನ ಸರದಿ. ಕಾಲಿನ ರೆಕ್ಕೆ ಆಡಿಸುತ್ತಾ ಈಜುವವನು ನಿಮಿಷಕ್ಕೆ ಹೆಚ್ಚುಕಡಿಮೆ 15 ಮೀಟರು ಹೋಗುತ್ತಾನೆ. ಸ್ಕೂಟರು ಅವನನ್ನು ನಿಮಿಷಕ್ಕೆ 45 ಮೀಟರು ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಅದೇ ಗಾಳಿಯಲ್ಲಿ ಮೂರು ಪಟ್ಟು ದೂರ! 2007ರಲ್ಲಿ ಫ್ಲೋರಿಡಾದ ವಕುಲ್ಲಾ ಬುಗ್ಗೆಯ ಕಡೆ ಜಾರಡ್ ಜಬ್ಲಾನ್ಸ್ಕಿ, ಕೇಸಿ ಮೆಕಿನ್ಲಿ ಎಂಬ ಇಬ್ಬರು ಒಂದು ಕಡೆ ನೀರಿಗಿಳಿದು ನೆಲದಡಿಯಲ್ಲೇ ಸುಮಾರು 11 ಕಿಲೋಮೀಟರು ಹೋಗಿ ಇನ್ನೊಂದು ಕಡೆ ಎದ್ದರು. ಅವರ ಹಿಂದೆ ಒಂದು ದೊಡ್ಡ ತಂಡದ ವರ್ಷಗಟ್ಟಲೆಯ ದುಡಿಮೆ ಇತ್ತು. ಸ್ಕೂಟರಿಲ್ಲದೆ ಆ ದೂರ ಆಗುವ ಮಾತಲ್ಲ.

"ನೋಡಿದೆಯಾ ತಾತ, ಎಷ್ಟು ಉಪಯೋಗ!" ಎಂದ ಹುಡುಗ. ಅವನ ಮನಸ್ಸು ಮೂರನೆಯ ಸ್ಕೂಟರಿನ ಮೇಲಿತ್ತು. ಮೊದಲನೆಯದು ಸಮುದ್ರತೀರದಲ್ಲಿ ರಜೆಗೆ ಹೋದವರು ಆಡುವಂಥದ್ದು, ಸಾವಿರ ಡಾಲರಿಗೂ ಕಡಿಮೆ. ಎರಡನೆಯದು ಮಧ್ಯಮ. ಮೂರನೆಯದು ಐದು ಸಾವಿರ ಡಾಲರಿಗೂ ಮೇಲೆ, ಎಲ್ಲಕ್ಕಿಂತ ವೇಗ. ಇವನ ಜೊತೆಗೆ ಹೋಗುವವರು ಇಬ್ಬರು. ಒಬ್ಬನ ಹತ್ತಿರ ಎರಡನೆಯ ಬಗೆಯದು ಆಗಲೇ ಇತ್ತು. ಇನ್ನೊಬ್ಬ ಕೊಳ್ಳುವುದರಲ್ಲಿದ್ದ, ದುಡ್ಡಿನ ಅಭಾವದಿಂದ ಮೊದಲನೆಯದರ ಕಡೆ ವಾಲಿದ್ದ.

ನಾನು ಕಂಪ್ಯಾರಿಟಿವ್ ಸ್ಟೇಟ್‌ಮೆಂಟ್ ಹಾಕಲು ಶುರುಮಾಡಿದೆ. ಎಷ್ಟು ಆಳಕ್ಕೆ ತಡೆಯುತ್ತದೆ? ನೀರಿನಲ್ಲಿ ಕೈಬಿಟ್ಟರೆ ಮುಳುಗದೆ, ತೇಲದೆ ಇದ್ದಲ್ಲೇ ನಿಲ್ಲುತ್ತದೆಯೇ? ಮುಳುಗಿದರೆ ತಳದ ಹೂಳು ಕದಡಿ ಕಣ್ಣು ಕಾಣದಾಗುತ್ತದೆ. ಗುಂಡಿ ಸಿಕ್ಕಿಕೊಂಡು ಮೋಟಾರು ನಿಲ್ಲದೆ ಹೋದರೆ ನಿಲ್ಲಿಸುವ ಬಗೆ ಏನು? ಮಾರ್ಗದ ದಾರ ಫ್ಯಾನಿಗೆ ಸುತ್ತಿಕೊಂಡರೆ ಬಿಡಿಸಲು ಸುಲಭವೇ? ಬ್ಯಾಟರಿ ಎಷ್ಟು ನಿಮಿಷ? ಈ ಕೊನೆಯದರಲ್ಲಿ ಒಂದು ಸೂಕ್ಷ್ಮವಿದೆ. ಎದುರುಗಾಳಿಯಲ್ಲಿ ಸೈಕಲ್ ತುಳಿದವರಿಗೆ ಗೊತ್ತು, ಸ್ವಲ್ಪ ವೇಗ ಹೆಚ್ಚಿಸಿದರೂ ಜೀವ ಬಾಯಿಗೆ ಬರುತ್ತದೆ. ನೀರಿನಲ್ಲಿ ಅದು ಇನ್ನೂ ಜಾಸ್ತಿ. ವೇಗ ಎರಡು ಪಟ್ಟಾದರೆ ನೀರಿನ ತಡೆ ನಾಲ್ಕು ಪಟ್ಟು, ಮೋಟಾರಿನ ಮೇಲಿನ ಹೊರೆ ಎಂಟು ಪಟ್ಟು. ಅರ್ಧ ಹೊತ್ತಿನಲ್ಲೇ ತಲುಪಿದರೂ ಅದೇ ದೂರಕ್ಕೆ ನಾಲ್ಕು ಪಟ್ಟು ಬ್ಯಾಟರಿ ಬೇಕು. ಬ್ಯಾಟರಿ ಹಳೆಯದಾದಂತೆ ಶಕ್ತಿಯೂ ಕುಂದುತ್ತದೆ. ಆಗಾಗ ನೀರಿನಲ್ಲಿ ಕಟ್ಟಿಹಾಕಿ ಪೂರ್ತಿ ಓಡಿಸಿ ಎಷ್ಟು ನಿಮಿಷ ಬರುತ್ತದೆಂದು ನೋಡಬೇಕಂತೆ. ಹಳೆಯ ಪಾಸ್‌ಬುಕ್ ನೋಡಿ ಇವತ್ತಿನ ಬ್ಯಾಲೆನ್ಸ್ ಹೇಳಬಾರದು, ಸರಿಯೇ.

ಆಮೇಲೆ ಒಂದು ರಾತ್ರಿ ನಿದ್ದೆ ಬರದೆ ಎದ್ದು, ಸ್ಕೂಟರು ಒಳಗೆ ಕೆಟ್ಟುಹೋದರೆ ಏನಾಗುತ್ತದೆಂದು ಲೆಕ್ಕ ಹಾಕಿದೆ. ಇದನ್ನು ನೀವೂ ಪೆನ್ಸಿಲ್ ಹಿಡಿದು ಹಾಕಿ ನೋಡಬಹುದು. ನೀರಿನ ಮೇಲೆ ಮನುಷ್ಯನಿಗೆ ನಿಮಿಷಕ್ಕೆ 20 ಲೀಟರು ಗಾಳಿ ಬೇಕೆನ್ನಿ. ಪ್ರತಿ 10 ಮೀಟರು ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. 30 ಮೀಟರು ಆಳದಲ್ಲಿ ಒತ್ತಡ ನಾಲ್ಕು ಪಟ್ಟು, ಆದ್ದರಿಂದ ನಿಮಿಷಕ್ಕೆ 80 ಲೀಟರು. ಸ್ಕೂಟರಿನಲ್ಲಿ 10 ನಿಮಿಷ ಹೋದರೆ 450 ಮೀಟರು, ಖರ್ಚು 800 ಲೀಟರು. ಮೂರು ಪಾಲಿನ ನಿಯಮದಂತೆ ತಿರುಗುವಾಗ ಕೈಯಲ್ಲಿ ಉಳಿದದ್ದು 1,600. ಅಲ್ಲಿ ಸ್ಕೂಟರು ನಿಂತುಹೋಯಿತು. 450 ಮೀಟರು ಈಜಿ ಬರಲು 30 ನಿಮಿಷ. ಬೇಕಾದ ಗಾಳಿ 2,400.

ಎಂಟುನೂರು ಲೀಟರು ಓವರ್‌ಡ್ರಾಫ್ಟ್! ಗಾಳಿಗೆ ಓವರ್‌ಡ್ರಾಫ್ಟ್ ಕೊಡುವ ಬ್ಯಾಂಕು ಭೂಮಿಯ ಮೇಲೂ ಇಲ್ಲ, ಕೆಳಗೂ ಇಲ್ಲ. ನನ್ನ ಕೈ ತಣ್ಣಗಾಯಿತು. ಮಗಳಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಇಷ್ಟು ಸಾಕೆಂದು ಬೆಳಗಾಗುವ ಮೊದಲೇ ಹುಡುಗನಿಗೆ ಫೋನು ಮಾಡಿದೆ.

ಅವನು ಪೂರ್ತಿ ಕೇಳಿಸಿಕೊಂಡ. "ಸರಿಯಾಗಿದೆ ತಾತ. ನಮಗೂ ಇದನ್ನೇ ಹೇಳಿಕೊಡೋದು. ಅದಕ್ಕೇ ಸ್ಕೂಟರ್ ಇದ್ದಾಗ ಮೂರು ಪಾಲಿಗಿಂತ ಇನ್ನೂ ಬಿಗಿ ಹಿಡೀತೀವಿ. ದಾರಿಯಲ್ಲಿ ಎಕ್ಸ್‌ಟ್ರಾ ಸಿಲಿಂಡರ್ ಇಟ್ಟುಹೋಗ್ತೀವಿ. ಇನ್ನೊಂದೇನು ಅಂದ್ರೆ, ಕೆಟ್ಟವನನ್ನ ಜೊತೆಗಾರ ತನ್ನ ಸ್ಕೂಟರಲ್ಲಿ ಎಳ್ಕೊಂಡು ಬರ್ತಾನೆ."

ಮತ್ತೆ ಪೆನ್ಸಿಲ್ ಹಿಡಿದೆ. ಇಬ್ಬರನ್ನು ಎಳೆದರೆ ವೇಗ ಇಳಿಯುತ್ತದೆ. ನಿಮಿಷಕ್ಕೆ 30 ಮೀಟರು ಬಂದೀತು ಎಂದುಕೊಂಡರೂ 450 ಮೀಟರಿಗೆ 15 ನಿಮಿಷ, ತಲೆಗೆ 1,200 ಲೀಟರು. ಕೈಯಲ್ಲಿರುವುದು 1,600. ತಲಾ 400 ಉಳಿತಾಯದೊಂದಿಗೆ ಇಬ್ಬರೂ ಹೊರಗೆ! ಒಂದು ಹಗ್ಗ, ಒಬ್ಬ ಜೊತೆಗಾರ. ಸಾಲದ ಲೆಕ್ಕ ಜಮಾ ಲೆಕ್ಕವಾಗಿಬಿಟ್ಟಿತು.

ಆಗಲೇ ನನಗೆ ನನ್ನ ಪಟ್ಟಿಯಲ್ಲಿ ಒಂದು ಕಾಲಂ ಇಲ್ಲವೆಂದು ಹೊಳೆದದ್ದು. ಇಬ್ಬರನ್ನು ಎಳೆಯುವಾಗಿನ ವೇಗ ಎಷ್ಟು? ಮೊಮ್ಮಗ ಕಳಿಸಿದ ಮೂರು ವಿವರಪತ್ರದಲ್ಲೂ ಒಬ್ಬನ ವೇಗವನ್ನೇ ದೊಡ್ಡಕ್ಷರದಲ್ಲಿ ಬರೆದಿದ್ದರು.

"ಅಲ್ಲಪ್ಪ, ಅವರದು ಕೆಟ್ಟರೆ ನೀನು ಎಳೀತೀಯ. ನಿನ್ನದು ಜೋರಾದ ಗಾಡಿ, ಒಪ್ಪಿದೆ. ನಿನ್ನದೇ ಕೆಟ್ಟರೆ?"

"ಅವರು ಎಳೀತಾರೆ."

"ನಿನ್ನ ಗಾಡಿ ನಂಬಿಕೊಂಡು ಹೋದ ದೂರದಿಂದ, ಅವರ ಗಾಡಿ ಇಬ್ಬರನ್ನ ಎಳೆಯುತ್ತಾ? ಆ ಚಿಕ್ಕದು, ರಜೆಯಲ್ಲಿ ಆಡೋದು, ಅದು ಎಳೆಯುತ್ತಾ?"

ಆ ಕಡೆ ಮಾತಿಲ್ಲ. ಆಗ ನಾನು ಎಮ್ಮೆಯ ಕಥೆಯ ಉಳಿದರ್ಧವನ್ನು ಹೇಳಿದೆ. ಅರವತ್ತು ವರ್ಷದಿಂದ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ನನಗಾಗ ಹನ್ನೊಂದು ವರ್ಷ. ಕೆರೆ ತುಂಬಿತ್ತು. ಎಂದಿನಂತೆ ನಮ್ಮ ಎಮ್ಮೆ ಮುಂದೆ, ನಾನು ಬಾಲ ಹಿಡಿದು ಗೆಳೆಯನನ್ನು ಅಣಕಿಸುತ್ತಾ ಹೊರಟಿದ್ದೆ. ನಡುನೀರಿನಲ್ಲಿ ಅದಕ್ಕೆ ಏನು ಕಂಡಿತೋ, ಒಮ್ಮೆಲೇ ಮೈ ತಿರುಗಿಸಿ ಬಾಲ ಒದರಿತು. ಕೈ ಜಾರಿತು. ನಾನು ಬಾವಿಯಲ್ಲಿ ನಾಲ್ಕು ಸುತ್ತು ಈಜಿದವನೇ ಹೊರತು ನಡುಕೆರೆಯಿಂದ ದಡ ಸೇರುವಷ್ಟು ಉಸಿರು ನನಗಿರಲಿಲ್ಲ. ಎಮ್ಮೆ ಹಿಂತಿರುಗಿ ನೋಡದೆ ಹೋಗಿಬಿಟ್ಟಿತು. ಎರಡು ಸಲ ಮುಳುಗಿ ನೀರು ಕುಡಿದೆ. ಅಷ್ಟರಲ್ಲಿ ಹಿಂದಿನಿಂದ ಆ ಮುದಿ ಎಮ್ಮೆ ನಿಧಾನವಾಗಿ ಬಂತು. ಗೆಳೆಯ ಒಂದು ಕೈಯಲ್ಲಿ ಬಾಲ ಬಿಡದೆ, "ನನ್ನ ಕಾಲು ಹಿಡ್ಕೊಳೋ" ಎಂದು ಕೂಗಿದ. ಹಿಡಿದುಕೊಂಡೆ. ಅದು ಉಸಿರು ಬಿಡುತ್ತಾ ಬಿಡುತ್ತಾ ನಮ್ಮಿಬ್ಬರನ್ನೂ ದಡಕ್ಕೆ ತಂದಿತು. "ಮನೇಲಿ ಹೇಳಬೇಡ" ಎಂದೆ. ಅವನು ಹೇಳಲಿಲ್ಲ. ಅವನು ಹೋಗಿ ಈಗ ಆರು ವರ್ಷವಾಯಿತು.

"ಆವತ್ತು ನನ್ನನ್ನ ಉಳಿಸಿದ್ದು ನನ್ನ ಎಮ್ಮೆಯಲ್ಲ ಕಣೋ, ಅವನದು" ಎಂದೆ. "ನಿನ್ನನ್ನ ಹೊರಗೆ ತರೋದು ನಿನ್ನ ಸ್ಕೂಟರಲ್ಲ, ನಿನ್ನ ಜೊತೆಗಾರನ ಸ್ಕೂಟರು. ಹಾಗಿರುವಾಗ ನೀನೊಬ್ಬನೇ ಕೂತು ಆರಿಸಿದರೆ ಹೇಗೆ? ಮೂವರೂ ಕೂತು ಆರಿಸಿ."

ಒಂದು ವಾರ ಫೋನಿಲ್ಲ. ಆಮೇಲೆ ಒಂದು ಹಾಳೆ ತುಂಬ ಅಂಕಿ ಬಂತು. ಮೂವರೂ ಸೇರಿ ಎರಡನೆಯ ಬಗೆಯ ಸ್ಕೂಟರನ್ನೂ, ಮೊದಲನೆಯ ಬಗೆಯದನ್ನೂ ಎರವಲು ತಂದು, ಗುಹೆಯೊಳಗಲ್ಲ, ಬಯಲಿನ ಬುಗ್ಗೆಯಲ್ಲಿ ಅಳತೆಯ ದಾರ ಕಟ್ಟಿ, ಒಬ್ಬನನ್ನು ಎಳೆಸಿ, ಇಬ್ಬರನ್ನು ಎಳೆಸಿ, ಗಡಿಯಾರ ನೋಡಿ ಬರೆದದ್ದು. ಚಿಕ್ಕದು ಇಬ್ಬರನ್ನು ಎಳೆಯಲಾರದೆ ಈಜುವವನಿಗಿಂತ ಹೆಚ್ಚೇನೂ ಓಡಲಿಲ್ಲ. ಮಧ್ಯಮದ್ದು ನನ್ನ ಅಂದಾಜಿನ ಹತ್ತಿರ ಬಂತು. ಕೊನೆಗೆ ಮೂವರೂ ಆ ಮಧ್ಯಮದ್ದನ್ನೇ ಆರಿಸಿದರು. ಮೂರೂ ಒಂದೇ ಬಗೆಯಾದ್ದರಿಂದ ವೇಗ ಸಮ, ಯಾವುದು ಬೇಕಾದರೂ ಯಾರನ್ನು ಬೇಕಾದರೂ ಎಳೆದೀತು, ಬಿಡಿಭಾಗವೂ ಒಬ್ಬರದು ಒಬ್ಬರಿಗೆ ಆಗುತ್ತದೆ. ಮೂರನೆಯದನ್ನು ಬಿಟ್ಟದ್ದರಿಂದ ಮೊಮ್ಮಗನ ಕೈಯಲ್ಲಿ ಉಳಿದ ಹಣ, ದುಡ್ಡು ಸಾಲದ ಆ ಗೆಳೆಯನಿಗೆ ಕೈಗಡವಾಯಿತು. ಬಡ್ಡಿ ಎಷ್ಟು ಎಂದು ನಾನು ಕೇಳಲಿಲ್ಲ. ಸ್ಕೂಟರಿಗೆಂದೇ ಬೇರೆ ತರಬೇತಿ ಇದೆಯಂತೆ, ಅದು ಮುಗಿಯುವವರೆಗೆ ಗುಹೆಯೊಳಗೆ ಒಯ್ಯುವುದಿಲ್ಲ. ಮೊದಲ ಒಂದು ವರ್ಷ, ಸ್ಕೂಟರು ಕೆಟ್ಟರೂ ಈಜಿಯೇ ಹೊರಬರಬಹುದಾದಷ್ಟು ದೂರ ಮಾತ್ರ. ಈ ಕೊನೆಯ ಎರಡು ಷರತ್ತನ್ನು ನಾನು ಹಾಕಿದ್ದಲ್ಲ, ಅವರೇ ಬರೆದುಕೊಂಡದ್ದು.

"ಸ್ಕೂಟರ್ ತಂದು ನಮ್ಮೂರ ಕೆರೇಲಿ ನಿನಗೊಂದು ರೌಂಡ್ ಹೊಡೆಸ್ತೀನಿ ತಾತ" ಎಂದಿದ್ದ. ಅದೂ ಆಗದ ಮಾತು. 160 ವಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಇದರದು ಅದಕ್ಕಿಂತ ಎಷ್ಟೋ ದೊಡ್ಡದು. ಕೆರೆಯಲ್ಲೂ ಈಗ ಮೊದಲಿನಷ್ಟು ನೀರಿಲ್ಲ, ಎಮ್ಮೆಗಳೂ ಕಡಿಮೆ. ಇದನ್ನು ಓದಿದ ಮಕ್ಕಳು ಎಮ್ಮೆಯ ಬಾಲ ಹುಡುಕಿಕೊಂಡು ಹೊರಡಬೇಡಿ. ಈಜನ್ನು ದೊಡ್ಡವರ ಎದುರಿಗೇ ಕಲಿಯಿರಿ. ನಮ್ಮ ಕಡೆಯ ಕ್ವಾರಿ ಗುಂಡಿಗಳ ನೀರಿಗಂತೂ ಇಳಿಯಲೇಬೇಡಿ. ಅಲ್ಲಿ ಹಿಂದಿನಿಂದ ಬರುವ ಮುದಿ ಎಮ್ಮೆ ಇರುವುದಿಲ್ಲ.

ಮಗಳು ಮಾತ್ರ ನನ್ನ ಮೇಲೆ ಹರಿಹಾಯ್ದಳು. "ಬೇಡ ಅಂತ ಹೇಳಿ ಅಂದ್ರೆ ನೀವು ಕೊಡಿಸೇ ಬಿಟ್ರಲ್ಲಪ್ಪ!" ಅವಳ ಸಿಟ್ಟು ತಪ್ಪಲ್ಲ. ನಾನು ಅವಳಿಗೆ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ, ನಿಜ. ಆದರೆ ಬ್ಯಾಂಕು ಸಾಲ ಕೊಡಲಿಲ್ಲವೆಂದು ಯಾವ ರೈತನೂ ಸಾಲ ಮಾಡದೆ ಇದ್ದದ್ದನ್ನು ನಾನು ನೋಡಿಲ್ಲ. ಮೀಟರ್ ಬಡ್ಡಿಯವನ ಮನೆಗೆ ಕತ್ತಲಲ್ಲಿ ಹೋಗುತ್ತಾನೆ, ಅಷ್ಟೇ. ನಾನು ಬೇಡ ಎಂದಿದ್ದರೆ ಹುಡುಗ ಗುಹೆ ಬಿಡುತ್ತಿರಲಿಲ್ಲ, ನಮಗೆ ಹೇಳುವುದನ್ನು ಬಿಡುತ್ತಿದ್ದ. ಅವಳಿಗೆ ಇಷ್ಟನ್ನೇ ಹೇಳಿದೆ. ಒಪ್ಪಿದಳೋ ಇಲ್ಲವೋ, ಮರುದಿನ ಮತ್ತೆ ಫೋನು ಮಾಡಿ, "ಭಾನುವಾರ ಅವನು ಎಷ್ಟು ಹೊತ್ತಿಗೆ ಇಳೀತಾನೆ?" ಎಂದು ಕೇಳಿದಳು.

ಈಗ ಭಾನುವಾರದ ಸಂಜೆ ನನಗೊಂದು ಕೆಲಸವಿದೆ. ಅಲ್ಲಿ ಬೆಳಗ್ಗೆ ಹತ್ತು, ಇಲ್ಲಿ ರಾತ್ರಿ ಏಳೂವರೆ. ನೀರಿಗಿಳಿಯುವ ಮೊದಲು ಮೊಮ್ಮಗನ ಸಂದೇಶ ಬರುತ್ತದೆ, "ಒಳಗೆ, ಮೂವರು" ಎಂದು. ಹೊರಬಂದ ಮೇಲೆ ಇನ್ನೊಂದು, "ಹೊರಗೆ, ಮೂವರು". ಒಂದನ್ನು ಎಡಗಡೆ, ಇನ್ನೊಂದನ್ನು ಬಲಗಡೆ ಬರೆದು ಕೆಳಗೆ ಗೆರೆ ಎಳೆಯುತ್ತೇನೆ. ಕ್ಯಾಶ್ ಕೌಂಟರಿನಲ್ಲಿದ್ದಾಗ ಸಂಜೆ ಲೆಕ್ಕ ಕೂಡುವವರೆಗೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಈಗಲೂ ಆ ಗೆರೆ ಎಳೆಯುವವರೆಗೆ ನಮ್ಮ ಮನೆಯಲ್ಲಿ ಯಾರೂ ಊಟಕ್ಕೇಳುವುದಿಲ್ಲ.

ಹೋದ ಭಾನುವಾರ ಒಳಗೆ ಎಂದು ಬಂದ ಇಪ್ಪತ್ತೇ ನಿಮಿಷಕ್ಕೆ ಫೋನು ಸದ್ದು ಮಾಡಿತು. ಇಷ್ಟು ಬೇಗ ಎಂದೂ ಬಂದದ್ದಿಲ್ಲ. ನನ್ನಾಕೆ ಕೈಯಲ್ಲಿದ್ದ ಸೌಟು ಹಾಗೇ ಹಿಡಿದುಕೊಂಡು ಬಂದು ನಿಂತಳು. ಕನ್ನಡಕ ಸಿಗಲಿಲ್ಲ. ಫೋನನ್ನು ದೂರ ಹಿಡಿದು ಓದಿದೆ.

"ಹೊರಗೆ, ಮೂವರು. ಒಬ್ಬನಿಗೆ ಇವತ್ತು ಯಾಕೋ ಬೇಡ ಅನ್ನಿಸ್ತು. ತಿರುಗಿಬಿಟ್ವಿ. ಇಡ್ಲಿ ತಿನ್ನೋಕೆ ಹೋಗ್ತಿದ್ದೀವಿ."

ಬಲಗಡೆ ಬರೆದು ಗೆರೆ ಎಳೆದೆ. ಆಮೇಲೆ ಮಗಳಿಗೆ ಫೋನು ಮಾಡಿದೆ.